ಅದೇ ಹೆಸರಿನವರಿಗೆಲ್ಲ ಒಂದು ಕಾಗದ

ಜನವರಿ ತಿಂಗಳು ನಮ್ಮಂಥ ಲೆಕ್ಕಿಗರಿಗೆ ದಾಸ್ತಾನು ಎಣಿಸುವ ಕಾಲ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಕಕ್ಷಿದಾರರ ಅಂಗಡಿಗೆ, ಗೋದಾಮಿಗೆ ಹೋಗಿ, ವರ್ಷದ ಕೊನೆಗೆ ಉಳಿದ ಸರಕು ಪುಸ್ತಕದಲ್ಲಿ ಬರೆದಷ್ಟೇ ಇದೆಯೇ ಎಂದು ನೋಡಿ ಬರಬೇಕು. ನಾನು ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಬಂದು ಹದಿನೆಂಟು ವರ್ಷವಾಯಿತು. ಈ ಅವಧಿಯಲ್ಲಿ ನಟ್ಟು ಬೋಲ್ಟು, ಔಷಧಿ ಬಾಟಲಿ, ನಾಯಿ ಬಿಸ್ಕತ್ತು, ಕೊನೆಗೆ ಶವಪೆಟ್ಟಿಗೆಗಳನ್ನು ಕೂಡ ಎಣಿಸಿದ್ದೇನೆ. ಹಳೆಯ ಎಲ್‌ಪಿ ರೆಕಾರ್ಡುಗಳನ್ನು ಎಣಿಸಿದ್ದು ಮಾತ್ರ ಒಂದೇ ಅಂಗಡಿಯಲ್ಲಿ.

ಆ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಜನರ ನೆಲಮಾಳಿಗೆಗಳಿಂದ, ತೀರಿಕೊಂಡವರ ಮನೆ ಖಾಲಿ ಮಾಡುವಾಗ, ರೆಕಾರ್ಡುಗಳನ್ನು ಪೆಟ್ಟಿಗೆಗೆ ಇಷ್ಟು ಎಂದು ಸಗಟಾಗಿ ಕೊಂಡು ಬಿಡಿಬಿಡಿಯಾಗಿ ಮಾರುವುದು ಅವರ ಕಸುಬು. ದಾಸ್ತಾನಿಗೆ ಬೆಲೆ ಕಟ್ಟುವ ನಿಯಮ ಸರಳವಾದದ್ದು. ಕೊಂಡ ಬೆಲೆ ಒಂದು, ಮಾರಿದರೆ ಕೈಗೆ ಬರುವ ಬೆಲೆ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆಯಬೇಕು. ಸಗಟಿನಲ್ಲಿ ಕೊಂಡದ್ದರಿಂದ ಅವರ ರೆಕಾರ್ಡಿಗೆ ತಲಾ ಒಂದು ಡಾಲರೂ ಬೀಳುತ್ತಿರಲಿಲ್ಲ. ನಾನು ಎಣಿಸುತ್ತ ಹೋಗುತ್ತಿದ್ದಂತೆ ಅವರು ಒಂದನ್ನು ಎತ್ತಿ ಪಕ್ಕಕ್ಕಿಟ್ಟರು. "ಇದಕ್ಕೂ ಒಂದು ಡಾಲರ್ ಎಂದೇ ಬರಿ, ನಿನ್ನ ನಿಯಮ ತಪ್ಪುವುದು ಬೇಡ. ಆದರೆ ಇದಕ್ಕಾಗಿ ನೂರಾರು ಡಾಲರ್ ಹಿಡಿದು ಬರುವವರಿದ್ದಾರೆ" ಎಂದರು.

ಹೊದಿಕೆಯ ಮೇಲೆ ಉದ್ದ ಕೂದಲಿನ, ಗಡ್ಡದ ಯುವಕನ ಮುಖ. ಹೆಸರು ಗ್ಯಾರಿ ಹಿಗಿನ್ಸ್. ರೆಕಾರ್ಡಿನ ಹೆಸರು 'ರೆಡ್ ಹ್ಯಾಶ್'. ವರ್ಷ 1973. "ನಮ್ಮ ರಾಜ್ಯದವನೇ" ಎಂದು ಅವರು ಹೆಮ್ಮೆಯಿಂದ ಹೇಳಿ, ಅದೇ ರೆಕಾರ್ಡಿನ ಮರುಮುದ್ರಣದ ಪ್ರತಿಯೊಂದನ್ನು ಹಾಕಿದರು. ನನಗೆ ಪಾಶ್ಚಾತ್ಯ ಸಂಗೀತದ ಗಂಧಗಾಳಿ ಅಷ್ಟಕ್ಕಷ್ಟೆ. ಆದರೂ ಎಣಿಸುವ ಕೈ ನಿಂತಿತು. ಒಂದು ಅಕೌಸ್ಟಿಕ್ ಗಿಟಾರ್, ಅದರ ಬೆನ್ನಿಗೆ ಚೆಲೋ ವಾದ್ಯದ ಭಾರವಾದ ದನಿ, ಅಲ್ಲಲ್ಲಿ ಕೊಳಲು, ಮ್ಯಾಂಡೊಲಿನ್. ಹಾಡುವವನಿಗೆ ಅವಸರವಿಲ್ಲ. ಮಲಗಿದವರು ಏಳದ ಹಾಗೆ ಪಕ್ಕದ ಕೋಣೆಯಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುವವರ ಹಾಗಿತ್ತು. ಕೇಳುತ್ತ ಕೇಳುತ್ತ ನನಗೆ ಸಾಗರದ ನನ್ನ ಸೋದರಮಾವ ನೆನಪಾದರು. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ರೆಕಾರ್ಡಿನ ಕತೆ.

ಕನೆಕ್ಟಿಕಟ್ ಎಂದರೆ ನಮ್ಮವರಿಗೆ ಹಾರ್ಟ್‌ಫರ್ಡ್‌ನ ಇನ್ಶೂರೆನ್ಸ್ ಕಂಪನಿಗಳು ಮತ್ತು ಅವುಗಳಲ್ಲಿ ದುಡಿಯುವ ಕಂಪ್ಯೂಟರ್ ಎಂಜಿನಿಯರುಗಳು. ಆದರೆ ರಾಜ್ಯದ ವಾಯವ್ಯ ಮೂಲೆಗೆ ಹೋದರೆ ಬೇರೆಯದೇ ನಾಡು. ಗುಡ್ಡ, ಕಾಡು, ಹೊಳೆ, ಹಾಲಿನ ದನಗಳ ಫಾರ್ಮುಗಳು. ಹಿಗಿನ್ಸ್ ಆ ಭಾಗದವರು. 1960ರ ದಶಕದಲ್ಲಿ ಅಮೆರಿಕದ ಊರೂರಿನ ಹುಡುಗರು ಗಿಟಾರ್ ಕೊಂಡು ಬ್ಯಾಂಡು ಕಟ್ಟಿದ ಹಾಗೆ ಇವರೂ ಗೆಳೆಯರ ಜೊತೆ 'ರ‍್ಯಾಂಡಮ್ ಕಾನ್ಸೆಪ್ಟ್' ಎಂಬ ರಾಕ್ ಬ್ಯಾಂಡಿನಲ್ಲಿದ್ದರು. ನ್ಯೂಯಾರ್ಕಿಗೂ ಹೋಗಿ ಅದೃಷ್ಟ ಪರೀಕ್ಷಿಸಿದರು. ಕೈಹಿಡಿಯಲಿಲ್ಲ. ವಾಪಸು ಬಂದು 'ವುಡನ್ ವೀಲ್' ಎಂಬ, ವಿದ್ಯುತ್ ವಾದ್ಯಗಳ ಅಬ್ಬರವಿಲ್ಲದ ಚಿಕ್ಕ ತಂಡ ಮಾಡಿಕೊಂಡರು. ಈ ರೆಕಾರ್ಡಿನಲ್ಲಿ ಜೊತೆಗೆ ನುಡಿಸಿದವರೂ ಇಂಥ ಗೆಳೆಯರೇ. 

ಇಂಥ ಸಂಗೀತಕ್ಕೆ ಇಂಗ್ಲಿಷಿನಲ್ಲಿ ಸೈಕೆಡೆಲಿಕ್ ಫೋಕ್ ಎನ್ನುತ್ತಾರೆ. ಜನಪದ ಹಾಡಿನ ಸರಳ ಗಿಟಾರು, ಮಟ್ಟು, ಅದರೊಳಗೆ ಕನಸಿನ ತರ್ಕ. ಮಾತು ಒಂದು ಕಡೆ ಶುರುವಾಗಿ ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಆ ಕಾಲದ ಮಾದಕ ವಸ್ತುಗಳ ನಂಟು ಹೆಸರಿನಲ್ಲೇ ಇದೆ. 'ಐ ಪಿಕ್ ನೋಟ್ಸ್ ಫ್ರಮ್ ದ ಸ್ಕೈ', 'ಟೆಲಿಗ್ರಾಫ್ ಟವರ್ಸ್', 'ಅನೇಬಲ್ ಟು ಫ್ಲೈ' ಎಂಬಂಥ ಶೀರ್ಷಿಕೆಗಳನ್ನು ಓದಿದರೇ ಒಂದು ಅಂದಾಜು ಸಿಗುತ್ತದೆ. ರೆಕಾರ್ಡಿನಲ್ಲಿ 'ಡೌನ್ ಆನ್ ದ ಫಾರ್ಮ್' ಎಂಬ ಹಾಡು ಮಾತ್ರ ಗದ್ದಲದ್ದು. ಮಿಕ್ಕವು ಮೆಲುದನಿಯವು.

ಈ ಮೆಲುದನಿಗೆ ಒಂದು ಕಾರಣ ನ್ಯಾಯಾಲಯದಲ್ಲಿತ್ತು ಎಂದು ನನಗೆ ಅನಿಸುತ್ತದೆ. ಹಾಡುಗಳನ್ನು ಧ್ವನಿಮುದ್ರಿಸುವ ಹೊತ್ತಿಗೆ ಹಿಗಿನ್ಸ್ ಗಾಂಜಾ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋಗುವುದು ಖಚಿತವಾಗಿತ್ತು. ಉಳಿದ ಬಿಡುವಿನಲ್ಲಿ, ಗೆಳೆಯರನ್ನು ಸ್ಟುಡಿಯೋದಲ್ಲಿ ಸೇರಿಸಿ, ಇದ್ದ ಹಾಡುಗಳನ್ನು ಟೇಪಿಗೆ ಹಾಕಿದರು. ಮದುವೆಗೋ ಪ್ರಯಾಣಕ್ಕೋ ಮುನ್ನ ಬಾಕಿ ಕೆಲಸ ಮುಗಿಸುವವರ ಹಾಗೆ. ರೆಕಾರ್ಡು ಜನರ ಕೈ ಸೇರಬೇಕಾದ ದಿನಗಳಲ್ಲಿ ಹಾಡಿದವರು ಸೆರೆಮನೆಯಲ್ಲಿದ್ದರು.

ಆ ವರ್ಷಗಳ ಅಮೆರಿಕವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಇರುವ ಮೊದಲ ಪಟ್ಟಿಗೇ ಸೇರಿಸಿತು. 1971ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವಸ್ತುಗಳ ದುರ್ಬಳಕೆಯೇ ದೇಶದ ಮೊದಲನೆಯ ಶತ್ರು ಎಂದು ಸಾರಿದರು. 1972ರಲ್ಲಿ, ಅವರೇ ಅಧ್ಯಕ್ಷರನ್ನು ನೇಮಿಸಿದ್ದ ಶೇಫರ್ ಆಯೋಗ, ಸ್ವಂತಕ್ಕೆ ಸ್ವಲ್ಪ ಗಾಂಜಾ ಇಟ್ಟುಕೊಂಡವರನ್ನು ಅಪರಾಧಿಗಳೆಂದು ಕಾಣಬೇಡಿ ಎಂದು ವರದಿ ಕೊಟ್ಟಾಗ ನಿಕ್ಸನ್ ಅದನ್ನು ಒಪ್ಪಲಿಲ್ಲ. 1973ರಲ್ಲಿ ನೆರೆಯ ನ್ಯೂಯಾರ್ಕ್ ರಾಜ್ಯದಲ್ಲಿ ಗವರ್ನರ್ ರಾಕ್‌ಫೆಲರ್ ತಂದ ಕಾನೂನು ದೇಶದಲ್ಲೇ ಅತಿ ಕಠಿಣವಾದವುಗಳಲ್ಲಿ ಒಂದಾಗಿತ್ತು. ಅದೇ ವರ್ಷ ದೇಶದ ಇನ್ನೊಂದು ತುದಿಯ ಆರೆಗನ್ ರಾಜ್ಯ ಅಲ್ಪ ಪ್ರಮಾಣದ ಗಾಂಜಾಕ್ಕೆ ಜೈಲು ಶಿಕ್ಷೆಯನ್ನೇ ತೆಗೆದುಹಾಕಿತು. ಒಂದೇ ದೇಶ, ಒಂದೇ ಸೊಪ್ಪು, ಎರಡು ದಂಡೆಯಲ್ಲಿ ಎರಡು ನ್ಯಾಯ. ಹಿಗಿನ್ಸ್ ಇದ್ದದ್ದು ಪೂರ್ವ ದಂಡೆಯಲ್ಲಿ. ತಪ್ಪು ಮಾಡಲಿಲ್ಲ ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಕಾನೂನು ಇತ್ತು, ಅವರು ಮುರಿದರು, ಶಿಕ್ಷೆ ಅನುಭವಿಸಿದರು.

ರೆಕಾರ್ಡನ್ನು ಯಾವ ದೊಡ್ಡ ಕಂಪನಿಯೂ ತರಲಿಲ್ಲ. 'ನುಫ್ಯುಸ್‌ಮೂನ್' ಎಂಬ ಲೇಬಲ್ ಅದರ ಮೇಲಿದೆ. ಹೆಸರಿಗೆ ಲೇಬಲ್; ವಾಸ್ತವದಲ್ಲಿ ಸ್ವಂತ ಪ್ರಕಟಣೆ. ಕನ್ನಡ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕವಿಯೇ ದುಡ್ಡು ಹಾಕಿ, ಹೆಂಡತಿಯ ಹೆಸರಿನಲ್ಲೋ ಮನೆಯ ಹೆಸರಿನಲ್ಲೋ ಒಂದು ಪ್ರಕಾಶನ ಹುಟ್ಟಿಸಿ, ಸಾವಿರ ಪ್ರತಿ ಅಚ್ಚು ಹಾಕಿಸಿ, ಎಂಟುನೂರನ್ನು ಮಂಚದ ಕೆಳಗೆ ಇಟ್ಟುಕೊಂಡ ಮನೆ ನಮ್ಮ ಪ್ರತಿ ಊರಿನಲ್ಲೂ ಒಂದಿದೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಕೇಳಿ ಬೆಳೆದವರು ನಾವು.

ಅಮೆರಿಕದಲ್ಲಿ ಈ ದಾರಿಯನ್ನು ಗಿಟಾರ್ ವಾದಕರಿಗೆ ತೋರಿಸಿಕೊಟ್ಟವರಲ್ಲಿ ಮೊದಲಿಗರು ಜಾನ್ ಫೇಹಿ. 1959ರಲ್ಲಿ, ಪೆಟ್ರೋಲ್ ಬಂಕಿನಲ್ಲಿ ದುಡಿದ ಹಣವನ್ನೂ ಸೇರಿಸಿ, ಅವರು ತಮ್ಮ ಮೊದಲ ರೆಕಾರ್ಡಿನ 100 ಪ್ರತಿ ಮಾಡಿಸಿದರು. ಮೇರಿಲ್ಯಾಂಡ್‌ನ ತಮ್ಮ ಊರು ಟಕೋಮಾ ಪಾರ್ಕ್ ಹೆಸರಿನಿಂದ ಲೇಬಲ್ಲಿಗೆ 'ಟಕೋಮಾ' ಎಂದು ಹೆಸರಿಟ್ಟರು. ಯಾರೂ ಕೊಳ್ಳದಿದ್ದಾಗ ಹಳೆ ಸಾಮಾನಿನ ಅಂಗಡಿಗಳ ರಾಶಿಯಲ್ಲಿ ತಮ್ಮ ರೆಕಾರ್ಡನ್ನು ತಾವೇ ಗುಟ್ಟಾಗಿ ಸೇರಿಸಿ ಬಂದರಂತೆ, ಯಾರಾದರೂ ಅಕಸ್ಮಾತ್ ಎತ್ತಿಕೊಳ್ಳಲಿ ಎಂದು. 1970ರಲ್ಲಿ ಫಿಲಡೆಲ್ಫಿಯಾದ ಪೆರಿ ಲಿಯೋಪೋಲ್ಡ್ ತಮ್ಮ ಸ್ವಂತ ರೆಕಾರ್ಡಿನ ಪ್ರತಿಗಳನ್ನು ಬೀದಿಯಲ್ಲಿ ನಿಂತು ಪುಕ್ಕಟೆ ಹಂಚಿದರು. 1980ರಲ್ಲಿ ನಮ್ಮ ಪಕ್ಕದ ರಾಜ್ಯದ ವೂಸ್ಟರ್ ನಗರದ ಬಾಬ್ ಟ್ರಿಂಬಲ್ ಇದೇ ದಾರಿ ಹಿಡಿದರು. ಇವರು ಯಾರೂ ಒಂದು ಚಳವಳಿ ಮಾಡಿದವರಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಂಟಿ.

ಈ ವ್ಯವಹಾರದ ಒಳಗನ್ನು ಒಬ್ಬ ಲೆಕ್ಕಿಗನಾಗಿ ನೋಡಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಟೇಪಿನಲ್ಲಿರುವ ಹಾಡನ್ನು ಮೊದಲು ಮೃದುವಾದ ಲ್ಯಾಕರ್ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯಬೇಕು. ಆ ತಟ್ಟೆಗೆ ಲೋಹದ ಲೇಪ ಕೊಟ್ಟು ಅಚ್ಚು ತೆಗೆಯಬೇಕು. ಆ ಅಚ್ಚುಗಳ ನಡುವೆ ಬಿಸಿ ವಿನೈಲ್ ಮುದ್ದೆಯನ್ನಿಟ್ಟು ಒತ್ತಿದರೆ ಒಂದು ರೆಕಾರ್ಡು. ಥೇಟ್ ಒಬ್ಬಟ್ಟು ತಟ್ಟಿದ ಹಾಗೆ. ಸ್ಟುಡಿಯೋ ಬಾಡಿಗೆ, ಕೊರೆಯುವ ಖರ್ಚು, ಅಚ್ಚಿನ ಖರ್ಚು, ಹೊದಿಕೆಯ ಮುದ್ರಣ, ಇವೆಲ್ಲ ಒಂದು ಪ್ರತಿ ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕಡಿಮೆ ಪ್ರತಿ ಮಾಡಿಸಿದವನಿಗೆ ಪ್ರತಿಯೊಂದರ ಅಸಲು ಬಲು ದುಬಾರಿ. ದೊಡ್ಡ ಕಂಪನಿಯ ರೆಕಾರ್ಡಿನ ಬೆಲೆಗೇ ಮಾರಬೇಕು, ಅಂಗಡಿಯವನಿಗೆ ಅದರಲ್ಲೇ ಪಾಲು ಕೊಡಬೇಕು. ಮಾರಿದಷ್ಟೂ ನಷ್ಟ ಎನ್ನುವ ಸ್ಥಿತಿಯೂ ಬರುತ್ತದೆ. ಶಾಲೆಯ ಬ್ಯಾಂಡು, ಚರ್ಚಿನ ಗಾಯಕರು ಇದೇ ರೀತಿ ರೆಕಾರ್ಡು ಮಾಡಿಸುತ್ತಿದ್ದರು. ಅವರಿಗೆ ಕೊಳ್ಳುವ ಅಪ್ಪ ಅಮ್ಮಂದಿರು ಇರುತ್ತಿದ್ದರು. ಒಂಟಿ ಹಾಡುಗಾರನಿಗೆ ಯಾರಿದ್ದಾರೆ? ಮೇಲಾಗಿ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ, ಎಣ್ಣೆಯಿಂದಲೇ ತಯಾರಾಗುವ ವಿನೈಲಿಗೂ ತತ್ವಾರವಾಯಿತು.

ತೆರಿಗೆ ಇಲಾಖೆಗೂ ಇಂಥವರ ಮೇಲೆ ಕರುಣೆಯಿಲ್ಲ. ಇಲ್ಲಿನ ಆದಾಯ ತೆರಿಗೆ ಸಂಹಿತೆಗೆ 1969ರಲ್ಲಿ 183ನೆಯ ಕಲಮು ಸೇರಿತು. ಲಾಭದ ಉದ್ದೇಶವಿಲ್ಲದೆ ಮಾಡುವ ಕೆಲಸದ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವ ಹಾಗಿಲ್ಲ ಎಂಬುದು ಅದರ ಸಾರ. ನಮ್ಮ ವೃತ್ತಿಯ ಭಾಷೆಯಲ್ಲಿ ಇದಕ್ಕೆ ಹವ್ಯಾಸದ ನಷ್ಟ ಎನ್ನುತ್ತೇವೆ. ಮೂರ್ನಾಲ್ಕು ವರ್ಷ ಸತತ ನಷ್ಟ ತೋರಿಸಿದ ಚಿತ್ರಕಾರರಿಗೆ, ಹಾಡುಗಾರರಿಗೆ, "ಇದು ನಿಮ್ಮ ವ್ಯಾಪಾರವೋ ಹವ್ಯಾಸವೋ?" ಎಂದು ನಾನೇ ಎಷ್ಟು ಸಲ ಕೇಳಿದ್ದೇನೋ. ಆ ಪ್ರಶ್ನೆ ಕೇಳಿದ ಕ್ಷಣದಲ್ಲಿ ಎದುರು ಕೂತವರ ಮುಖ ಸಣ್ಣಗಾಗುವುದನ್ನೂ ನೋಡಿದ್ದೇನೆ.

ಅಂತೂ 'ರೆಡ್ ಹ್ಯಾಶ್' ಬಂತು, ಹೋಯಿತು. ಜೈಲಿನಿಂದ ಬಂದ ಹಿಗಿನ್ಸ್ ಅದೇ ಸೀಮೆಯಲ್ಲಿ ಬದುಕು ಕಟ್ಟಿಕೊಂಡರು. ಸಂಗೀತ ಬಿಡಲಿಲ್ಲ; ಹೊರಜಗತ್ತಿಗೆ ಗೊತ್ತಾಗುವ ಹಾಗೆ ಇನ್ನೊಂದು ರೆಕಾರ್ಡನ್ನೂ ತರಲಿಲ್ಲ. ಇತ್ತ ರೆಕಾರ್ಡು ತನ್ನ ಪಾಡಿಗೆ ತಾನು ಪಯಣ ಹೊರಟಿತು. ಒಬ್ಬರ ಮನೆಯಿಂದ ಹಳೆ ಸಾಮಾನಿನ ಅಂಗಡಿಗೆ, ಅಲ್ಲಿಂದ ಇನ್ನೊಬ್ಬರ ಕಪಾಟಿಗೆ, ಅವರಿಂದ ಟೇಪಿಗೆ, ಟೇಪಿನಿಂದ ಸಿಡಿಗೆ. ಇಂಥ ಅನಾಥ ರೆಕಾರ್ಡುಗಳನ್ನು ಹುಡುಕುವುದನ್ನೇ ವ್ರತ ಮಾಡಿಕೊಂಡ ಸಂಗ್ರಾಹಕರ ಒಂದು ಪಂಗಡ 1980ರ ದಶಕದಿಂದೀಚೆಗೆ ಬೆಳೆಯಿತು. ಸ್ವೀಡನ್ನಿನ ಪ್ಯಾಟ್ರಿಕ್ ಲುಂಡ್‌ಬೋರ್ಗ್ 2006ರಲ್ಲಿ ತಂದ 'ದಿ ಆಸಿಡ್ ಆರ್ಕೈವ್ಸ್' ಎಂಬ ದಪ್ಪ ಪುಸ್ತಕ ಇಂಥವುಗಳದ್ದೇ ಒಂದು ವಿಶ್ವಕೋಶ. ನಮ್ಮ ಶಾಸನ ಸಂಗ್ರಹಗಳ ಹಾಗೆ.

ಸಂಗ್ರಾಹಕರ ಪೈಪೋಟಿಯಲ್ಲಿ ಬೆಲೆ ಏರಿತು. ಏರಿದ ಬೆಲೆಯಲ್ಲಿ ಹಾಡಿದವರಿಗೆ ಬಂದದ್ದು ಎಷ್ಟು? ಸೊನ್ನೆ. ಇಲ್ಲಿ ಯಾರ ಮೋಸವೂ ಇಲ್ಲ. 1908ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಪುಸ್ತಕವೊಂದರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನ ಹಿಡಿತ ಮುಗಿಯಿತು, ಕೊಂಡವನು ಅದನ್ನು ಯಾರಿಗೆ ಎಷ್ಟಕ್ಕಾದರೂ ಮಾರಬಹುದು. ವಸ್ತುವಿನ ಬೆಲೆ ಒಂದು ಪುಸ್ತಕದಲ್ಲಿ ಬೆಳೆಯುತ್ತದೆ, ಮಾಡಿದವನ ಖಾತೆ ಇನ್ನೊಂದು ಪುಸ್ತಕದಲ್ಲಿ ಹಾಗೇ ನಷ್ಟದಲ್ಲಿ ಮುಚ್ಚಿಕೊಂಡಿರುತ್ತದೆ. ಎರಡು ಪುಸ್ತಕಗಳ ನಡುವೆ ಜಮಾ ಖರ್ಚಿನ ಒಂದು ಗೆರೆಯೂ ಇಲ್ಲ.

ಈ ಗೆರೆಯನ್ನು ಎಳೆದದ್ದು ಒಂದು ಕಾಗದ.

2000ದ ಮೊದಲ ವರ್ಷಗಳಲ್ಲಿ ಹೊಸ ಪೀಳಿಗೆಯ ಹಾಡುಗಾರರು ಈ ಹಳೆಯ ಮೆಲುದನಿಯ ಕಡೆ ತಿರುಗಿದ್ದರು. ಬ್ರಿಟನ್ನಿನ ವಾಷ್ಟಿ ಬನ್ಯನ್ 1970ರಲ್ಲಿ ತಂದು ಯಾರೂ ಕೇಳದೆ ಹೋಗಿದ್ದ ರೆಕಾರ್ಡು 2000ದಲ್ಲಿ ಮತ್ತೆ ಬಂದು ಹೆಸರು ಮಾಡಿತ್ತು. 2005ರ ಆರಂಭದಲ್ಲಿ ಬೆನ್ ಚಾಸ್ನಿ ಎಂಬ ಗಿಟಾರ್ ವಾದಕ, 'ಸಿಕ್ಸ್ ಆರ್ಗನ್ಸ್ ಆಫ್ ಅಡ್ಮಿಟೆನ್ಸ್' ಎಂಬ ತಮ್ಮ ತಂಡದ 'ಸ್ಕೂಲ್ ಆಫ್ ದ ಫ್ಲವರ್' ರೆಕಾರ್ಡಿನಲ್ಲಿ, ಹಿಗಿನ್ಸ್ ಅವರ 'ಥಿಕರ್ ದ್ಯಾನ್ ಎ ಸ್ಮೋಕಿ' ಹಾಡನ್ನು ಹಾಡಿದರು. ಅದನ್ನು ಹೊರತಂದ ಷಿಕಾಗೋದ ಡ್ರ್ಯಾಗ್ ಸಿಟಿ ಕಂಪನಿಗೆ ಮೂಲ ರೆಕಾರ್ಡನ್ನೇ ಮರುಮುದ್ರಿಸುವ ಆಸೆ. ಆದರೆ ಹಿಗಿನ್ಸ್ ಎಲ್ಲಿದ್ದಾರೆ? ಬದುಕಿದ್ದಾರೋ ಇಲ್ಲವೋ?

ಹುಡುಕದೆಯೂ ಮುದ್ರಿಸಬಹುದಿತ್ತು. ಇಂಥ ಎಷ್ಟೋ ರೆಕಾರ್ಡುಗಳನ್ನು ಯಾರನ್ನೂ ಕೇಳದೆ ಕದ್ದು ಮುದ್ರಿಸಿ ಮಾರಿದವರಿದ್ದಾರೆ. ಕಾನೂನು ಮಾತ್ರ ಹಿಗಿನ್ಸ್ ಅವರ ಪಕ್ಷದಲ್ಲಿತ್ತು. ಅಮೆರಿಕದಲ್ಲಿ ಧ್ವನಿಮುದ್ರಣಗಳಿಗೆ ಕೇಂದ್ರ ಕೃತಿಸ್ವಾಮ್ಯ ಸಿಕ್ಕಿದ್ದು 1972ರ ಫೆಬ್ರುವರಿ 15ರಿಂದ. ಈ ರೆಕಾರ್ಡು ಆ ಗಡಿಯ ಈಚೆಗೆ ಹುಟ್ಟಿತ್ತು. ಆದರೆ ಎಲ್ಲಿದ್ದಾನೆಂದೇ ಗೊತ್ತಿಲ್ಲದ ಮನುಷ್ಯ ಕೋರ್ಟಿಗೆ ಬರುತ್ತಾನೆಯೇ? ಡ್ರ್ಯಾಗ್ ಸಿಟಿಯಲ್ಲಿದ್ದ ಜ್ಯಾಕ್ ಕೋವಿ ಆ ದಾರಿ ಹಿಡಿಯಲಿಲ್ಲ. ಕನೆಕ್ಟಿಕಟ್‌ನಲ್ಲಿ ಗ್ಯಾರಿ ಹಿಗಿನ್ಸ್ ಎಂಬ ಹೆಸರಿನವರ ವಿಳಾಸಗಳನ್ನೆಲ್ಲ ಒಟ್ಟು ಮಾಡಿ, ಪ್ರತಿಯೊಬ್ಬರಿಗೂ ಒಂದೊಂದು ಕಾಗದ ಬರೆದರು. ನೀವೇನಾ ಅವರು ಎಂದು ಕೇಳುವ ಕಾಗದ. ಅವುಗಳಲ್ಲಿ ಒಂದು ಸರಿಯಾದ ಮನೆಯ ಬಾಗಿಲಿಗೇ ಹೋಗಿ ತಲುಪಿತು.

ಅಂಗಡಿಯ ಯಜಮಾನರು ಈ ಮಾತು ಹೇಳಿದಾಗ ನಾನು ನಕ್ಕುಬಿಟ್ಟೆ. ಯಾಕೆಂದರೆ ಅದು ನನ್ನ ವೃತ್ತಿಯ ಮೊದಲ ಪಾಠ. ಬಿಕಾಂ ಮುಗಿಸಿ ಸಿಎಗೆ ಸೇರಿದಾಗ, ಬೆಂಗಳೂರಿನಲ್ಲಿ ಆರ್ಟಿಕಲ್ ಕ್ಲಾರ್ಕ್ ಆಗಿದ್ದ ಮೂರು ವರ್ಷ ನಾನು ಮಾಡಿದ ಅತಿ ಬೇಸರದ ಕೆಲಸವೆಂದರೆ ಬಾಕಿ ದೃಢೀಕರಣ ಪತ್ರಗಳನ್ನು ಬರೆಯುವುದು. 'ನಮ್ಮ ಪುಸ್ತಕದ ಪ್ರಕಾರ ನಿಮ್ಮಿಂದ ಇಷ್ಟು ಬರಬೇಕಿದೆ. ಸರಿಯಿದ್ದರೆ ಸಹಿ ಮಾಡಿ ಕಳಿಸಿ. ತಪ್ಪಿದ್ದರೆ ತಿಳಿಸಿ.' ಇಂಥ ನೂರಾರು ಪತ್ರ. ಅಂಚೆ ಚೀಟಿಯನ್ನೂ ನಾವೇ ಅಂಟಿಸಿದ ಮರುಉತ್ತರದ ಲಕೋಟೆ ಒಳಗೆ. ಬಹಳಷ್ಟಕ್ಕೆ ಉತ್ತರ ಬರುತ್ತಿರಲಿಲ್ಲ. ಕೆಲವು 'ವಿಳಾಸದಾರರು ಇಲ್ಲ' ಎಂಬ ಷರಾದೊಂದಿಗೆ ತಿರುಗಿ ಬರುತ್ತಿದ್ದವು. ಅಪರೂಪಕ್ಕೆ ಒಂದರಲ್ಲಿ, 'ನಾನು ನಿಮಗೆ ಕೊಡಬೇಕಾದ್ದು ಏನೂ ಇಲ್ಲ, ನೀವೇ ನನಗೆ ಕೊಡಬೇಕು' ಎಂಬ ಉತ್ತರವಿರುತ್ತಿತ್ತು. ಆಗ ನಮ್ಮ ಸೀನಿಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಪುಸ್ತಕ ತಾನು ಬರೆದುಕೊಂಡದ್ದನ್ನೇ ನಂಬಿ ಕೂರಬಾರದು, ಹೊರಗಿನ ಮನುಷ್ಯನನ್ನು ಕೇಳಬೇಕು ಎಂಬುದೇ ಲೆಕ್ಕಪರಿಶೋಧನೆಯ ತಿರುಳು. ಕೋವಿ ಮಾಡಿದ್ದು ಅದನ್ನೇ. ಒಂದೇ ವ್ಯತ್ಯಾಸ, ಅವರು ವಸೂಲಿಗೆ ಬರೆದವರಲ್ಲ. ಕೊಡಬೇಕಾದ್ದಿದೆ, ತೆಗೆದುಕೊಳ್ಳುವವರು ಯಾರು ಎಂದು ಕೇಳಿ ಬರೆದವರು.

2005ರಲ್ಲಿ 'ರೆಡ್ ಹ್ಯಾಶ್' ಮತ್ತೆ ಹೊರಬಂತು. ಮೂವತ್ತೆರಡು ವರ್ಷದ ನಂತರ, ಹಾಡಿದವರ ಒಪ್ಪಿಗೆಯೊಂದಿಗೆ, ಇನ್ನೆರಡು ಹಾಡುಗಳನ್ನೂ ಸೇರಿಸಿಕೊಂಡು. ಹಿಗಿನ್ಸ್ ಮತ್ತೆ ವೇದಿಕೆ ಹತ್ತಿದರು. 2009ರಲ್ಲಿ 'ಸೆಕೆಂಡ್ಸ್' ಎಂಬ ಎರಡನೆಯ ರೆಕಾರ್ಡು ತಂದರು. ಮೊದಲನೆಯದಕ್ಕೂ ಎರಡನೆಯದಕ್ಕೂ ಮೂವತ್ತಾರು ವರ್ಷದ ಅಂತರ. 2018ರಲ್ಲಿ ತೀರಿಕೊಂಡರು.

ಅವರು ಹೋಗಿ ಮೂರು ವರ್ಷಕ್ಕೆ, 2021ರ ಜುಲೈ 1ರಂದು, ಕನೆಕ್ಟಿಕಟ್‌ನಲ್ಲಿ ವಯಸ್ಕರು ಸ್ವಂತಕ್ಕೆ ಗಾಂಜಾ ಇಟ್ಟುಕೊಳ್ಳುವುದು ಕಾನೂನುಬದ್ಧವಾಯಿತು. 2023ರ ಜನವರಿ 10ರಿಂದ ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಾಟ. ಈಗ ಊರ ಹೆದ್ದಾರಿಯ ಪಕ್ಕದಲ್ಲಿ, ಔಷಧಿ ಅಂಗಡಿಯಷ್ಟೇ ಶುಭ್ರವಾದ ಮಳಿಗೆಗಳಲ್ಲಿ, ಗುರುತಿನ ಚೀಟಿ ತೋರಿಸಿದವರಿಗೆ ರಸೀತಿ ಸಮೇತ ಕೊಡುತ್ತಾರೆ. ಅದರ ಲೆಕ್ಕ ಬರೆಯುವವರು ನಮ್ಮಂಥವರೇ. ಅಲ್ಲೂ ಒಂದು ವಿಚಿತ್ರವಿದೆ. ಮಿನಿಯಾಪೊಲಿಸ್‌ನ ಮಾದಕ ವಸ್ತು ವ್ಯಾಪಾರಿಯೊಬ್ಬ ತಕ್ಕಡಿ, ಫೋನು, ಕಾರಿನ ಖರ್ಚನ್ನೆಲ್ಲ ತೆರಿಗೆ ಲೆಕ್ಕದಲ್ಲಿ ಕಳೆಯಬಹುದೆಂದು 1981ರಲ್ಲಿ ತೆರಿಗೆ ನ್ಯಾಯಾಲಯ ಒಪ್ಪಿತು. ಸಂಸತ್ತು ಸಿಟ್ಟಾಗಿ ಮರುವರ್ಷವೇ 280-ಇ ಎಂಬ ಕಲಮು ತಂದಿತು. ಕೇಂದ್ರ ಕಾನೂನಿನ ಪಟ್ಟಿಯಲ್ಲಿ ಗಾಂಜಾ ಮೇಲಿನ ಸಾಲಿನಲ್ಲೇ ಉಳಿದಿದ್ದರಿಂದ, ರಾಜ್ಯದ ಲೈಸೆನ್ಸ್ ಪಡೆದ ಅಂಗಡಿಗಳಿಗೂ ಆ ಕಲಮು ಬಂದು ಕುತ್ತಿಗೆ ಹಿಡಿಯಿತು. ಸರಕಿನ ಅಸಲು ಬಿಟ್ಟು ಬಾಡಿಗೆಯನ್ನೂ ಸಂಬಳವನ್ನೂ ಕಳೆಯುವ ಹಾಗಿರಲಿಲ್ಲ.

2023ರ ಹೊಸ ವರ್ಷದ ದಿನ ಈ ರಾಜ್ಯ ಇನ್ನೊಂದು ಕೆಲಸ ಮಾಡಿತು. ಗಾಂಜಾ ಇಟ್ಟುಕೊಂಡಿದ್ದಕ್ಕೆ 2000ದಿಂದ 2015ರ ನಡುವೆ ಶಿಕ್ಷೆಯಾದ ಸಾವಿರಾರು ಜನರ ದಾಖಲೆಗಳನ್ನು ತಾನಾಗಿ ಅಳಿಸಿಹಾಕಿತು. ಅದಕ್ಕಿಂತ ಹಿಂದಿನವರು ಅರ್ಜಿ ಹಾಕಿ ಕೇಳಬೇಕು. 1973 ತಾನಾಗಿ ಅಳಿಸುವ ಪಟ್ಟಿಯಲ್ಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಅಷ್ಟು ಹಳೆಯ ಕಾಲಕ್ಕೆ ಹೋಗಿ ತಾನಾಗಿ ಕಾಗದ ಬರೆಯುವವರಿಲ್ಲ.

ಈಗ ಸಾಗರದ ಮಾವನ ವಿಷಯ.

ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ತಾವೇ ಬರೆದು, ತಾವೇ ರಾಗ ಹಾಕಿ, ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದರು. 1997ರಲ್ಲಿ ಪಿಎಫ್‌ನಿಂದ ಸಾಲ ತೆಗೆದು, ಬೆಂಗಳೂರಿಗೆ ಹೋಗಿ, ಎಂಟು ಹಾಡುಗಳ ಒಂದು ಧ್ವನಿಸುರುಳಿ ಮಾಡಿಸಿಕೊಂಡು ಬಂದರು. ಐನೂರು ಕ್ಯಾಸೆಟ್. ಆಗ ನಾನು ಶಿವಮೊಗ್ಗದಲ್ಲಿ ಬಿಕಾಂ ಓದುತ್ತಿದ್ದೆ. ರಜೆಗೆ ಹೋದಾಗ, "ಏ ಮಾರಾಯ, ನೀನು ಕಾಮರ್ಸ್ ಅಲ್ವನಾ, ಇದಕ್ಕೊಂದು ಲೆಕ್ಕದ ಪುಸ್ತಕ ಬರಿ" ಎಂದರು. ಯಾರಿಗೆ ಎಷ್ಟು ಕೊಟ್ಟಿದ್ದು, ಯಾರು ನಗದು, ಯಾರು ಸಾಲ ಎಂದು ನೀಟಾಗಿ ಗೆರೆ ಹಾಕಿ ಬರೆದೆ. ಎರಡು ವರ್ಷದಲ್ಲಿ ಹೋದದ್ದು ನೂರ ಹದಿನೇಳು. ಮಿಕ್ಕವು ಅಟ್ಟ ಸೇರಿದವು.

2004ರಲ್ಲಿ ನಾನು ಸಿಎ ಆಗಿ, ಹೊಸ ಪದವಿಯ ಬಿಸಿಯಲ್ಲಿ ಸಾಗರಕ್ಕೆ ಹೋದೆ. ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದರು. ಅಟ್ಟದಿಂದ ಇಳಿಸಿದ ಪೆಟ್ಟಿಗೆಗಳನ್ನು ನೋಡಿ, "ಮಾವ, ಈಗ ಕ್ಯಾಸೆಟ್ ಕೇಳೋರು ಯಾರೂ ಇಲ್ಲ. ಇದರ ಬೆಲೆ ಸೊನ್ನೆ. ಲೆಕ್ಕದಿಂದ ತೆಗೆದುಹಾಕಿ, ಜಾಗವಾದರೂ ಆಗತ್ತೆ" ಎಂದೆ. ಮಾವ ಪೆಟ್ಟಿಗೆಯ ಮೇಲಿನ ಧೂಳನ್ನು ಕೈಯಲ್ಲಿ ಒರೆಸಿ, "ನಿನ್ನ ಲೆಕ್ಕ ಸರಿನೇ ಇರ್ಬೇಕು ಬಿಡು" ಎಂದರು. ಮಾರನೆಯ ದಿನ ರದ್ದಿಯವನು ಬಂದು ಪ್ಲಾಸ್ಟಿಕ್ ತೂಕಕ್ಕೆ ತೆಗೆದುಕೊಂಡು ಹೋದ. ತೂಕ ಸರಿ ಹಾಕಿದನೇ ಎಂದು ನಾನೇ ನಿಂತು ನೋಡಿಕೊಂಡೆ. ಒಂದೇ ಒಂದು ಕ್ಯಾಸೆಟ್ ತೆಗೆದಿಡಬೇಕೆಂದು ನನಗೆ ಹೊಳೆಯಲಿಲ್ಲ. ಮಾವ ತೆಗೆದಿಟ್ಟಿರುತ್ತಾರೆ ಎಂದುಕೊಂಡಿದ್ದೆ. 2012ರಲ್ಲಿ ಅವರು ತೀರಿಕೊಂಡಾಗ ಮನೆಯೆಲ್ಲ ಹುಡುಕಿದೆವು. ಇರಲಿಲ್ಲ. ಅವರ ದನಿ ಈಗ ನಮ್ಮ ಮನೆಯಲ್ಲಿ ಯಾರ ಬಳಿಯೂ ಇಲ್ಲ.

ಆ ದಿನ ನಾನು ಕೊಟ್ಟ ಸಲಹೆ ಲೆಕ್ಕಶಾಸ್ತ್ರದ ಪ್ರಕಾರ ತಪ್ಪಲ್ಲ. ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದು. ಇವತ್ತೂ ಪರೀಕ್ಷೆಯಲ್ಲಿ ಕೇಳಿದರೆ ಅದನ್ನೇ ಬರೆಯುತ್ತೇನೆ. ಆದರೆ ಆ ನಿಯಮ ಬ್ಯಾಲೆನ್ಸ್ ಶೀಟಿಗೆ ಬರೆಯುವ ಅಂಕಿಯನ್ನು ಹೇಳುತ್ತದೆಯೇ ಹೊರತು ಅಟ್ಟದ ಮೇಲಿನ ವಸ್ತುವನ್ನು ಏನು ಮಾಡಬೇಕೆಂದು ಹೇಳುವುದಿಲ್ಲ. ಸೊನ್ನೆ ಎಂದು ಬರೆದೂ ಇಟ್ಟುಕೊಳ್ಳಬಹುದಿತ್ತು. ಆ ಎರಡು ಪ್ರಶ್ನೆಗಳನ್ನು ಇಪ್ಪತ್ತೈದರ ವಯಸ್ಸಿನಲ್ಲಿ ನಾನು ಒಂದೇ ಎಂದುಕೊಂಡೆ.

ಅಂಗಡಿಯಿಂದ ಬಂದ ರಾತ್ರಿ ಸಾಗರಕ್ಕೆ ಫೋನು ಮಾಡಿ ಅತ್ತೆಯನ್ನು ಕೇಳಿದೆ. "ಕ್ಯಾಸೆಟ್ ಇಲ್ಲ ಕಣೋ, ನೀನು ಬರೆದ ಪುಸ್ತಕ ಐತೆ. ನಿನ್ನ ಅಕ್ಷರ ಚೆನ್ನಾಗದೆ ಅಂತ ಅವ್ರು ಇಟ್ಕಂಡಿದ್ರು" ಎಂದರು. ಮಗನ ಕೈಯಲ್ಲಿ ಪುಟಗಳ ಫೋಟೊ ತೆಗೆಸಿ ಕಳಿಸಿದರು. ನೂರ ಹದಿನೇಳು ಹೆಸರು, ಊರು, ನಗದು ಅಥವಾ ಸಾಲ. ಸಾಲ ಎಂದು ಬರೆದ ಮೂವತ್ತೊಂಬತ್ತು ಜನ ಕೊನೆಗೂ ದುಡ್ಡು ಕೊಟ್ಟಂತಿಲ್ಲ. ಅವರ ಮೇಲೆ ನನಗೆ ಈಗ ಬಲು ಪ್ರೀತಿ.

ಹಾಗಾಗಿ ಈ ಚಳಿಗಾಲ ನಾನೂ ಕಾಗದ ಬರೆಯಲು ಕೂತೆ. ಎಲ್ಲರ ಪೂರ್ತಿ ವಿಳಾಸವಿಲ್ಲ. ಎಷ್ಟೋ ಜನ ಈಗಿಲ್ಲ. ಇಲ್ಲಿಯವರೆಗೆ ನಲವತ್ತಾರು ಪತ್ರ ಹೋಗಿವೆ, ಕೆಲವು ಅಂಚೆಯಲ್ಲಿ, ಕೆಲವು ವಾಟ್ಸ್ಆ್ಯಪ್ಪಿನಲ್ಲಿ. 'ನಮ್ಮ ಪುಸ್ತಕದ ಪ್ರಕಾರ 1998ರಲ್ಲಿ ತಾವು ಒಂದು ಧ್ವನಿಸುರುಳಿ ಪಡೆದಿದ್ದೀರಿ. ಹಣದ ಮಾತು ಬೇಡ. ಅದು ತಮ್ಮಲ್ಲಿ ಇನ್ನೂ ಇದೆಯೇ?' ಒಂಬತ್ತು ಉತ್ತರ ಬಂದಿವೆ. ಎಂಟರಲ್ಲಿ ಇಲ್ಲ ಎಂದಿದೆ. ಒಂಬತ್ತನೆಯದು ಹೊಸನಗರದ ನಿವೃತ್ತ ಶಿಕ್ಷಕರೊಬ್ಬರ ಮಗಳದ್ದು. ಅಪ್ಪನ ಪೆಟ್ಟಿಗೆಯಲ್ಲಿ ಚೀಟಿ ಕಿತ್ತುಹೋದ ಒಂದು ಕ್ಯಾಸೆಟ್ ಇದೆಯಂತೆ. ಹಾಕಿ ಕೇಳಲು ಅವರ ಬಳಿ ಟೇಪ್ ರೆಕಾರ್ಡರ್ ಇಲ್ಲ. ಯಾವುದು ಎಂದು ಗೊತ್ತಿಲ್ಲ, ಭಜನೆಯದ್ದೂ ಇರಬಹುದು ಎಂದು ಬರೆದಿದ್ದಾರೆ. ಏಪ್ರಿಲ್ 15ಕ್ಕೆ ಇಲ್ಲಿನ ತೆರಿಗೆಯ ಗಡಿಬಿಡಿ ಮುಗಿಯುತ್ತದೆ. ಟಿಕೆಟ್ ಮಾಡಿಸಿದ್ದೇನೆ. ಅಂಗಡಿಯ ಯಜಮಾನರು ತಮ್ಮ ಹಳೆಯ ಟೇಪ್ ರೆಕಾರ್ಡರ್ ಒಂದನ್ನು ರಿಪೇರಿ ಮಾಡಿ ಕೊಟ್ಟಿದ್ದಾರೆ. ಎಷ್ಟಾಯಿತು ಎಂದು ಕೇಳಿದ್ದಕ್ಕೆ, ದಾಸ್ತಾನಿನಲ್ಲಿ ಇಲ್ಲದ ವಸ್ತು, ತೆಗೆದುಕೊಂಡು ಹೋಗು ಎಂದರು.